ಅಪ್ಪನ ಜನತಾ ವಾಚು ದಿನಕ್ಕೆ 7 ನಿಮಿಷ ಮುಂದೆ ಓಡ್ತಿದೆ, ಒಳಗೆ ಏನಾಗಿರಬಹುದು?

ಕಲ್ಪತರು_ನಾಡು:

ಎಲ್ರಿಗೂ ನಮಸ್ಕಾರ. ವಾಚಿನ ಬಗ್ಗೆ ಗೊತ್ತಿರೋರು ದಯವಿಟ್ಟು ಸ್ವಲ್ಪ ಹೇಳಿ. ಅಪ್ಪ ಹೋಗಿ ಎರಡು ವರ್ಷ ಆಯ್ತು, ದೀಪಾವಳಿಗೆ ಬೀರು ಕ್ಲೀನ್ ಮಾಡ್ತಿದ್ದಾಗ ಅವರ ಎಚ್‌ಎಂಟಿ ಜನತಾ ಸಿಕ್ತು, ಕರ್ಚೀಫಲ್ಲಿ ಸುತ್ತಿ ಎಲ್‌ಐಸಿ ಬಾಂಡುಗಳ ಜೊತೆ ಇಟ್ಟಿದ್ರು. ಬಿಳಿ ಡಯಲ್ಲು, ಅಂಚಲ್ಲಿ ಸ್ವಲ್ಪ ಹಳದಿ ಬಂದಿದೆ, ಸಣ್ಣಕ್ಷರದಲ್ಲಿ 17 ಜ್ಯುಯೆಲ್ಸ್, ಪ್ಯಾರಾಶಾಕ್ ಅಂತ ಇದೆ. ಕೀ ಕೊಟ್ಟ ತಕ್ಷಣ ಓಡ್ತು, ನನಗೆ ನಿಜವಾಗ್ಲೂ ಕಣ್ಣಲ್ಲಿ ನೀರು ಬಂತು.

ಆಮೇಲೆ ಆಯಿಲ್ ಸರ್ವೀಸ್ ಮಾಡಿಸ್ದೆ. ಐದು ತಿಂಗಳು ಚೆನ್ನಾಗೇ ಇತ್ತು, ದಿನಕ್ಕೆ ಇಪ್ಪತ್ತು ಸೆಕೆಂಡ್ ಮುಂದೆ ಹೋಗ್ತಿತ್ತು ಅಷ್ಟೇ, ಭಾನುವಾರ ಸರಿ ಮಾಡ್ಕೊತಿದ್ದೆ. ಈಗ ಎರಡು ವಾರದಿಂದ ಇದ್ದಕ್ಕಿದ್ದ ಹಾಗೆ ದಿನಕ್ಕೆ 7 ನಿಮಿಷ ಮುಂದೆ ಓಡ್ತಿದೆ. ದಿನಾ ಬೆಳಿಗ್ಗೆ 7ಕ್ಕೆ ಫೋನ್ ಟೈಮ್ ಜೊತೆ ಹೋಲಿಸಿ ಬರ್ದಿಟ್ಟಿದೀನಿ, ಮೊದಲನೇ ದಿನ 6 ನಿಮಿಷ 50 ಸೆಕೆಂಡು, ಎರಡನೇ ದಿನ 7:10, ಮೂರನೇ ದಿನ 7:05. ಬಿದ್ದಿಲ್ಲ, ನೀರು ತಾಗಿಲ್ಲ. ಸರ್ವೀಸ್ ಮಾಡಿದ ಅಂಗಡಿಗೆ ಹೋದ್ರೆ "ಹಳೇ ಮಾಲು ಸರ್ ಇಷ್ಟೇ, ಬೇಕಾದ್ರೆ ಒಳಗಿನ ಮೆಷಿನ್ನೇ ಬದಲಾಯಿಸಿಬಿಡೋಣ" ಅಂದ್ರು. ಅಪ್ಪನ ವಾಚಿನ ಮೆಷಿನ್ ತೆಗೆದ ಮೇಲೆ ಅದು ಅಪ್ಪನ ವಾಚು ಹೆಂಗಾಗತ್ತೆ ಹೇಳಿ, ವಾಪಸ್ ತಗೊಂಡು ಬಂದೆ.

ಫ್ರೆಂಡ್ ಒಬ್ಬ ಹಿಂದಿನ ಮುಚ್ಚಳ ತೆಗೆದು ಪ್ಲಸ್ ಮೈನಸ್ ಅಂತ ಇರೋ ಕಡ್ಡಿನ ಮೈನಸ್ ಕಡೆ ತಳ್ಳು ಅಂತಾನೆ. ಮಾಡ್ಬಹುದಾ? ಇನ್ನೊಂದು, ಬ್ಯಾಟರಿನೇ ಇಲ್ದೆ ಇದು ಸರಿಯಾದ ಟೈಮ್ ಹೆಂಗೆ ತೋರಿಸತ್ತೆ ಅನ್ನೋದೇ ನನಗೆ ಅರ್ಥ ಆಗಿಲ್ಲ. ವಯಸ್ಸಾದ್ರೆ ನಿಧಾನ ಆಗ್ಬೇಕಲ್ವಾ, ಜೋರಾಗಿ ಯಾಕೆ ಓಡತ್ತೆ?


ಹಲ್ಲುಚಕ್ರ:

ಕಡ್ಡಿ ಮುಟ್ಬೇಡಿ, ಮೊದಲು ಅದನ್ನ ಹೇಳ್ಬಿಡ್ತೀನಿ. ಯಾಕೆ ಅಂತ ಗೊತ್ತಾಗಕ್ಕೆ ಒಳಗೆ ಏನು ನಡೆಯತ್ತೆ ಅನ್ನೋದು ಗೊತ್ತಿರಬೇಕು, ಹಾಗಾಗಿ ಸ್ವಲ್ಪ ಉದ್ದ ಆಗತ್ತೆ.

ನೀವು ಕೀ ಕೊಟ್ಟಾಗ ಒಂದು ಸಣ್ಣ ಡಬ್ಬಿ ಒಳಗೆ ಉಕ್ಕಿನ ಪಟ್ಟಿ ಬಿಗಿಯಾಗಿ ಸುತ್ಕೊಳತ್ತೆ, ಅದೇ ಮೇನ್ ಸ್ಪ್ರಿಂಗ್. ಅದಕ್ಕೆ ಬಿಚ್ಕೋಬೇಕು ಅಷ್ಟೇ, ಬೇರೆ ಏನೂ ಗೊತ್ತಿಲ್ಲ. ಡಬ್ಬಿ ಸುತ್ತ ಹಲ್ಲಿದೆ, ಅದು ಮುಂದಿನ ಚಕ್ರನ ತಳ್ಳತ್ತೆ, ಅದು ಇನ್ನೊಂದನ್ನ, ಹೀಗೆ ಒಂದೊಂದು ಚಕ್ರಕ್ಕೂ ವೇಗ ಜಾಸ್ತಿ ಆಗ್ತಾ ಬಲ ಕಮ್ಮಿ ಆಗ್ತಾ ಹೋಗತ್ತೆ. ಒಂದು ಚಕ್ರ ಗಂಟೆಗೆ ಒಂದು ಸುತ್ತು, ಅದು ನಿಮಿಷದ ಮುಳ್ಳಿನ ಲೆಕ್ಕ. ನಾಲ್ಕನೇ ಚಕ್ರ ನಿಮಿಷಕ್ಕೆ ಒಂದು ಸುತ್ತು, ಅದು ಸೆಕೆಂಡ್ ಮುಳ್ಳಿನ ಲೆಕ್ಕ. ಕೊನೇದು ಎಸ್ಕೇಪ್ ವೀಲ್, ನಿಮ್ಮ ಜನತಾ ಥರದ ವಾಚಲ್ಲಿ ಅದು ನಿಮಿಷಕ್ಕೆ 10 ಸುತ್ತು. ಇಷ್ಟೇ ಇದ್ದಿದ್ರೆ ಕೀ ಕೊಟ್ಟು ಬಿಟ್ಟ ತಕ್ಷಣ ಎಲ್ಲ ಚಕ್ರನೂ ಗಿರ್ರ್ ಅಂತ ತಿರುಗಿ ಕೆಲವೇ ಸೆಕೆಂಡಲ್ಲಿ ಸ್ಪ್ರಿಂಗ್ ಖಾಲಿ ಆಗ್ತಿತ್ತು. ನಾನು ಗುಜರಿ ವಾಚೊಂದರಲ್ಲಿ ಬೇಕು ಅಂತಲೇ ಮಾಡಿ ನೋಡಿದೀನಿ, ಒಂದು ಸಣ್ಣ ಪಾರ್ಟ್ ತೆಗೆದ್ರೆ ಸಾಕು ಒಂದೂವರೆ ದಿನ ಓಡ್ಬೇಕಾದ ಶಕ್ತಿ ಕಣ್ಣು ಮಿಟುಕಿಸೋದ್ರಲ್ಲಿ ಹೋಗ್ಬಿಡತ್ತೆ.

ಆ ಸಣ್ಣ ಪಾರ್ಟೇ ಪ್ಯಾಲೆಟ್. ಲಂಗರಿನ ಆಕಾರ, ಎರಡು ತೋಳು, ಎರಡರ ತುದಿಯಲ್ಲೂ ಒಂದೊಂದು ಕೆಂಪು ಕಲ್ಲು. ಎಸ್ಕೇಪ್ ವೀಲಿನ ಒಂದು ಹಲ್ಲನ್ನ ಒಂದು ಕಲ್ಲು ಬಿಡತ್ತೆ, ತಕ್ಷಣ ಇನ್ನೊಂದು ಕಲ್ಲು ಬೇರೆ ಹಲ್ಲನ್ನ ಹಿಡ್ಕೊಳತ್ತೆ. ನೀವು ಕೇಳೋ ಟಿಕ್ ಟಿಕ್ ಇದೇ, ಹಲ್ಲು ಬಂದು ಕಲ್ಲಿಗೆ ಬಡಿಯೋ ಸದ್ದು. ಸೆಕೆಂಡಿಗೆ ಐದು ಸಲ, ಗಂಟೆಗೆ 18,000, ದಿನಕ್ಕೆ 4,32,000.

ಯಾವಾಗ ಬಿಡಬೇಕು ಯಾವಾಗ ಹಿಡೀಬೇಕು ಅಂತ ಪ್ಯಾಲೆಟ್‌ಗೆ ಹೇಳೋದು ಬ್ಯಾಲೆನ್ಸ್ ವೀಲು. ಹಿಂದೆ ಮುಂದೆ ತೂಗಾಡ್ತಾ ಇರತ್ತಲ್ಲ ಆ ಚಕ್ರ. ಅದರ ನಡುವೆ ಕೂದಲಿನಷ್ಟು ತೆಳ್ಳಗಿನ ಸುರುಳಿ ಇದೆ, ಹೇರ್ ಸ್ಪ್ರಿಂಗು. ಬ್ಯಾಲೆನ್ಸ್ ಒಂದು ಕಡೆ ಮುಕ್ಕಾಲು ಸುತ್ತು ಹೋಗತ್ತೆ, ಸುರುಳಿ ವಾಪಸ್ ಎಳೆಯತ್ತೆ, ನಡುವಿಗೆ ಬರೋ ಹೊತ್ತಿಗೆ ಪ್ಯಾಲೆಟ್‌ನ ಮುಟ್ಟಿ ಒಂದು ಹಲ್ಲನ್ನ ಬಿಡಿಸತ್ತೆ, ಅದೇ ಕ್ಷಣದಲ್ಲಿ ಆ ಹಲ್ಲಿಂದ ಒಂದು ಸಣ್ಣ ತಳ್ಳು ಇದಕ್ಕೂ ಸಿಗತ್ತೆ, ಆ ತಳ್ಳಲ್ಲಿ ಆ ಕಡೆ ಹೋಗತ್ತೆ. ತೊಟ್ಟಿಲು ತೂಗೋರನ್ನ ನೋಡಿ, ಸುಮ್ನೆ ಒಂದು ಬೆರಳಲ್ಲಿ ಸರಿಯಾದ ಹೊತ್ತಿಗೆ ಒಂದು ತಟ್ಟು ಕೊಡ್ತಾರೆ, ಉಳಿದಿದ್ದನ್ನ ತೊಟ್ಟಿಲೇ ನೋಡ್ಕೊಳತ್ತೆ. ಸ್ವಲ್ಪ ಜೋರಾಗಿ ತಟ್ಟಿದ್ರೆ ದೂರ ಹೋಗತ್ತೆ, ಆದ್ರೆ ಹೋಗಿ ಬರೋ ಹೊತ್ತು ಹೆಚ್ಚೂ ಕಮ್ಮಿ ಅಷ್ಟೇ. ಬ್ಯಾಲೆನ್ಸೂ ಹಂಗೇ. ಅದಕ್ಕೇ ಕೀ ಪೂರ್ತಿ ಇದ್ದಾಗ್ಲೂ ಅರ್ಧ ಇದ್ದಾಗ್ಲೂ ವಾಚು ಸುಮಾರಾಗಿ ಒಂದೇ ವೇಗದಲ್ಲಿ ಓಡತ್ತೆ. ಹೈಗನ್ಸ್ ಅನ್ನೋ ಡಚ್ ವಿಜ್ಞಾನಿ 1675ರಲ್ಲಿ ಈ ಸುರುಳಿ ಸ್ಪ್ರಿಂಗ್ ಹಾಕಿ ತೋರಿಸಿದ್ರು, ಅದಕ್ಕೆ ಮುಂಚೆ ಜೇಬಿನ ಗಡಿಯಾರಗಳಿಗೆ ನಿಮಿಷದ ಮುಳ್ಳಿಟ್ರೂ ಪ್ರಯೋಜನ ಇರ್ತಿರ್ಲಿಲ್ಲ. ಪ್ಯಾಲೆಟ್ ಕಥೆ ಇನ್ನೂ ಆಮೇಲಿನದು, 1750ರ ದಶಕದಲ್ಲಿ ಥಾಮಸ್ ಮಡ್ಜ್ ಅನ್ನೋ ಇಂಗ್ಲೆಂಡಿನ ಕಸುಬುದಾರ ಮಾಡಿದ್ದು. ಅವರ ದೊಡ್ಡ ಕೆಲಸ ಏನು ಅಂದ್ರೆ ಬ್ಯಾಲೆನ್ಸ್‌ನ ಅದರ ಪಾಡಿಗೆ ಬಿಟ್ಟಿದ್ದು. ನಡುವಲ್ಲಿ ಒಂದು ಚೂರು ಮುಟ್ಟತ್ತೆ, ಉಳಿದ ದಾರಿ ಪೂರ್ತಿ ಅದನ್ನ ಯಾವ ಚಕ್ರವೂ ಮುಟ್ಟಲ್ಲ. ಯಾರೂ ಮುಟ್ದೇ ಇರೋದ್ರಿಂದಲೇ ಅದು ಕರೆಕ್ಟಾಗಿ ತೂಗತ್ತೆ. ಇವತ್ತಿನ ಲಕ್ಷಾಂತರ ರೂಪಾಯಿ ವಾಚಲ್ಲೂ ನಿಮ್ಮಪ್ಪನ ಜನತಾದಲ್ಲೂ ಇರೋದು ಅದೇ ಉಪಾಯ.

ಹಾಗಾದ್ರೆ ವೇಗ ಯಾರ ಕೈಲಿದೆ? ಬ್ಯಾಲೆನ್ಸ್ ತೂಕ ಮತ್ತು ಹೇರ್ ಸ್ಪ್ರಿಂಗ್ ಉದ್ದ, ಇವೆರಡೇ. ಸ್ಪ್ರಿಂಗ್ ಗಿಡ್ಡ ಆದ್ರೆ ಬಿಗಿ ಜಾಸ್ತಿ, ಬೇಗ ಎಳೆಯತ್ತೆ, ವಾಚು ಮುಂದೆ. ನಿಮ್ಮ ಫ್ರೆಂಡ್ ಹೇಳಿದ ಕಡ್ಡಿ ಮಾಡೋದೂ ಇಷ್ಟೇ, ಅದರ ತುದಿಯಲ್ಲಿರೋ ಎರಡು ಪಿನ್ ನಡುವೆ ಸ್ಪ್ರಿಂಗ್ ಹಾದು ಹೋಗಿರತ್ತೆ, ಕಡ್ಡಿ ಸರಿಸಿದ್ರೆ ಕೆಲಸ ಮಾಡೋ ಉದ್ದ ಬದಲಾಗತ್ತೆ.

ಈಗ ಲೆಕ್ಕ ನೋಡಿ. ಸ್ಪ್ರಿಂಗ್ ಉದ್ದ 1% ಕಮ್ಮಿ ಆದ್ರೆ ವೇಗ ಅರ್ಧ ಪರ್ಸೆಂಟ್ ಜಾಸ್ತಿ ಆಗತ್ತೆ. ದಿನಕ್ಕೆ 86,400 ಸೆಕೆಂಡು, ಅದರ ಅರ್ಧ ಪರ್ಸೆಂಟ್ 432 ಸೆಕೆಂಡು, ಅಂದ್ರೆ 7 ನಿಮಿಷ 12 ಸೆಕೆಂಡು. ನಿಮ್ಮ ನೋಟ್‌ಬುಕ್ಕಲ್ಲಿರೋದು ಹತ್ತಿರ ಹತ್ತಿರ ಅಷ್ಟೇ! ಅಂದ್ರೆ ಯಾವ್ದೋ ಕಾರಣಕ್ಕೆ ಸ್ಪ್ರಿಂಗಿನ ನೂರರಲ್ಲಿ ಒಂದು ಪಾಲು ಕೆಲಸ ಮಾಡ್ತಿಲ್ಲ. ಒಂದಕ್ಕೊಂದು ಅಂಟ್ಕೊಂಡಿರಬಹುದು, ಆಯಿಲ್ ತಾಗಿರಬಹುದು, ಇಲ್ಲಾ ಮ್ಯಾಗ್ನೆಟ್ ಆಗಿರಬಹುದು. ಈಗ ಕಡ್ಡಿ ಮೈನಸ್‌ಗೆ ತಳ್ಳಿದ್ರೆ ತಪ್ಪಿನ ಮೇಲೆ ಇನ್ನೊಂದು ತಪ್ಪು ಕೂತ ಹಾಗೆ.


ಗಂಡುಮೆಟ್ಟಿನ_ನಾಡು:

ನಮಸ್ಕಾರ್ರಿ. ನಾ ಹುಬ್ಬಳ್ಳಿ ಕಡೆಯಾಂವ, 26 ವರ್ಷ ಆತು ವಾಚ್ ರಿಪೇರಿ ಮಾಡ್ಕೋತ ಬಂದೇನಿ. ಮ್ಯಾಲಿನವ್ರು ಭಾಳ ಛಲೋ ತಿಳಿಸಿ ಹೇಳ್ಯಾರ. ನಾ ಒಂದ ಮಾತು ಕೇಳ್ತೇನಿ, ಎರಡು ವಾರದ ಹಿಂದ ಮನ್ಯಾಗ ಹೊಸಾದು ಏನ್ ಬಂತು? ಸ್ಪೀಕರ್, ಫೋನಿನ ಕವರ್, ಬ್ಯಾಗ್, ಇಂಥಾದು ಏನರ? ಬಿದ್ದಿಲ್ಲ, ನೀರು ಹೋಗಿಲ್ಲ, ಐದು ತಿಂಗಳು ಛಲೋ ಓಡಿದ ವಾಚು ಒಂದ ದಿನದಾಗ 7 ನಿಮಿಷ ಮುಂದ ಹೋತು ಅಂದ್ರ ನೂರಕ್ಕ ತೊಂಬತ್ತು ಮ್ಯಾಗ್ನೆಟ್ಟ ರೀ. ನಮ್ಮ ಅಂಗಡಿಗೆ ವಾರಕ್ಕ ಎರಡರ ಇಂಥಾವು ಬರ್ತಾವು, ಮೊದಲ ಇಷ್ಟು ಬರ್ತಿರ್ಲಿಲ್ಲ.

ಹೇರ್ ಸ್ಪ್ರಿಂಗಿನ ಸುತ್ತು ಒಂದಕ್ಕೊಂದು ತಾಗಬಾರ್ದು, ನಡುವ ಒಂದ ಸಮ ಜಾಗ ಇರಬೇಕು. ಮ್ಯಾಗ್ನೆಟ್ ಹಿಡಿತಂದ್ರ ಸುತ್ತುಗಳು ಒಂದನ್ನೊಂದು ಎಳಕೊಂಡು ಕೂಡ್ತಾವು. ಲೆನ್ಸ್ ಹಾಕ್ಕೊಂಡು ನೋಡಿದ್ರ ಉಸಿರು ಬಿಟ್ಟಂಗ ಒಂದ ಕಡೆ ಅಗಲ ಆಗ್ತಿರತೈತಿ, ಇನ್ನೊಂದ ಕಡೆ ಎರಡು ಸುತ್ತು ಕೂಡಿ ಒಂದ ಗೆರಿ ಆಗಿರತೈತಿ.

ಮನ್ಯಾಗ ನೋಡೂ ಉಪಾಯ ಹೇಳ್ತೇನಿ. ಸಾಲಿ ಹುಡುಗ್ರ ದಿಕ್ಸೂಚಿ ಇರತೈತಲ್ಲ, ಅದನ್ನ ಟೇಬಲ್ ಮ್ಯಾಲೆ ಇಟ್ಟು ವಾಚಿನ ಒಂದ ಬದಿ ಮುಳ್ಳಿನ ಹತ್ರ ತರ್ರಿ. ಮುಳ್ಳು ಅಲುಗಾಡಿದ್ರ ಅಷ್ಟಕ್ಕ ಮ್ಯಾಗ್ನೆಟ್ ಐತಿ ಅನ್ನಾಕ ಬರಾಂಗಿಲ್ಲ, ಉಕ್ಕು ಯಾವುದಿದ್ರೂ ಮುಳ್ಳು ಎಳೀತೈತಿ. ಅದ ಬದಿಯನ್ನ ಮುಳ್ಳಿನ ಇನ್ನೊಂದು ತುದಿಗೆ ತರ್ರಿ. ಒಂದ ತುದಿ ಹತ್ರ ಬಂದು ಇನ್ನೊಂದು ತುದಿ ದೂರ ಸರೀತಂದ್ರ ಮ್ಯಾಗ್ನೆಟ್ ಆಗೈತಿ ಅಂತ ಪಕ್ಕಾ.

ಇನ್ನೊಂದು ಕಾರಣನೂ ಐತಿ, ಸರ್ವೀಸ್ ಮಾಡುವಾಗ ಬಲ ಜಾಸ್ತಿ ಇರೂ ಮೇನ್ ಸ್ಪ್ರಿಂಗ್ ಹಾಕಿದ್ರ ಬ್ಯಾಲೆನ್ಸ್ ಭಾಳ ದೂರ ತಿರುಗಿ ಪ್ಯಾಲೆಟ್ಟಿನ ಹಿಂಬದಿಗೆ ಬಡೀತೈತಿ, ಆವಾಗೂ ವಾಚು ಮುಂದ ಓಡತೈತಿ. ಆದ್ರ ಅದು ಕೀ ಕೊಟ್ಟ ಹೊಸದಾಗಷ್ಟ, ಸಂಜಿಗೆ ಸರಿ ಹೋಗ್ತೈತಿ. ನಿಮ್ಮದು ಹಂಗ ಇಲ್ಲ ಅನಸ್ತೈತಿ. ಮೆಷಿನ್ ಬದಲಿ ಮಾತ್ರ ಮಾಡಸಬ್ಯಾಡ್ರಿ. ಆ ಮೆಷಿನ್ ಗಟ್ಟಿ ಐತ್ರಿ, ಕೆಸರು ತುಂಬಿದ್ದನ್ನ ಸುದ್ದಾ ತೊಳದು ಓಡಿಸೇನಿ.


ಕಲ್ಪತರು_ನಾಡು:

ಸರ್ ಹೊಸ ಫೋನ್ ತಗೊಂಡಿದ್ದು ಕರೆಕ್ಟಾಗಿ ಎರಡು ವಾರದ ಹಿಂದೆ! ಅದರ ಕವರ್ ಪುಸ್ತಕದ ಥರ ಮುಚ್ಚತ್ತೆ, ಮುಚ್ಚೋ ಕಡೆ ಮ್ಯಾಗ್ನೆಟ್ ಇದೆ. ರಾತ್ರಿ ವಾಚು ಬಿಚ್ಚಿ ಅದರ ಮೇಲೇ ಇಡ್ತಿದ್ದೆ, ಗಾಜಿಗೆ ಗೀರು ಬೀಳಬಾರ್ದು ಅಂತ ಮೆತ್ತಗಿದೆ ಅಂತ. ಮಗಳ ಜಾಮಿಟ್ರಿ ಬಾಕ್ಸಿನ ದಿಕ್ಸೂಚಿ ತಗೊಂಡು ನೋಡ್ದೆ, 9ರ ಕಡೆ ಬದಿ ಉತ್ತರದ ತುದಿನ ಎಳೆಯತ್ತೆ, ದಕ್ಷಿಣದ ತುದಿನ ದೂರ ತಳ್ಳತ್ತೆ. ಈಗೇನು ಮಾಡ್ಲಿ?


ಗಂಡುಮೆಟ್ಟಿನ_ನಾಡು:

ಆತು ಹಂಗಾರ, ಸಿಕ್ಕತು. ಡಿಮ್ಯಾಗ್ನೆಟೈಸರ್ ಅಂತ ಸಣ್ಣ ನೀಲಿ ಡಬ್ಬಿ ಬರ್ತೈತಿ, ರಿಪೇರಿ ಅಂಗಡ್ಯಾಗ ಸಾಮಾನ್ಯ ಇರತೈತಿ, ಅಲ್ಲೇ ಮಾಡಸ್ರಿ. ಮುಚ್ಚಳ ತಗ್ಯೂದು ಸುದ್ದಾ ಬೇಕಾಗಿಲ್ಲ. ಒಂದು ಮಾತು ನೆನಪಿಡ್ರಿ, ಬಟನ್ ಒತ್ತಿ ಹಿಡಕೊಂಡು ವಾಚನ್ನ ಅದರ ಮ್ಯಾಲಿಂದ ಮೆಲ್ಲಕ ಒಂದು ಮೊಳ ದೂರ ಒಯ್ದ ಮ್ಯಾಲೆ ಬಟನ್ ಬಿಡಬೇಕು. ಹತ್ರ ಇದ್ದಾಗ ಬಿಟ್ರ ಮತ್ತ ಮ್ಯಾಗ್ನೆಟ್ ಹಿಡೀತೈತಿ, ಅವಸರ ಮಾಡೂ ಹುಡುಗ್ರು ಇದನ್ನ ತಪ್ಪು ಮಾಡ್ತಾರ.


ಹಲ್ಲುಚಕ್ರ:

ಹೌದು, ಯಾಕೆ ಅಂದ್ರೆ ಆ ಡಬ್ಬಿ ಒಳಗಿರೋದು ಒಂದು ಕಾಯಿಲ್, ಮನೆ ಕರೆಂಟಿಗೆ ಸೆಕೆಂಡಿಗೆ 50 ಆವರ್ತ ಇರೋದ್ರಿಂದ ಉತ್ತರ ದಕ್ಷಿಣ ಅಷ್ಟೇ ವೇಗದಲ್ಲಿ ಅದಲು ಬದಲಾಗ್ತಾ ಇರತ್ತೆ. ದೂರ ಒಯ್ತಾ ಹೋದ ಹಾಗೆ ಪ್ರತಿ ಸಲ ಹಿಂದಿನದಕ್ಕಿಂತ ಸ್ವಲ್ಪ ಕಮ್ಮಿ ಬಲದಲ್ಲಿ ತಿರುಗು ಮುರುಗು ಆಗಿ ಕೊನೆಗೆ ಉಕ್ಕಿನಲ್ಲಿ ಏನೂ ಉಳಿಯಲ್ಲ.


ಕ್ಯಾತ್ಸಂದ್ರ_ತಟ್ಟೆಇಡ್ಲಿ:

ಈ ಥ್ರೆಡ್ ಓದಿ ಸುಮ್ನೆ ಹೋಗೋಕೆ ಮನಸ್ಸಾಗ್ಲಿಲ್ಲ. ನಮ್ಮಮ್ಮ ತುಮಕೂರಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿಲಿ ಅಸೆಂಬ್ಲಿಲಿದ್ರು. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಲ್ಲಿ ಶುರುವಾಗಿದ್ದು, ತುಮಕೂರು ಫ್ಯಾಕ್ಟರಿ ಆಮೇಲಿನದು. ಇಡೀ ಪೋಸ್ಟ್ ಅಮ್ಮನಿಗೆ ಓದಿ ಹೇಳ್ದೆ, ಹೇರ್ ಸ್ಪ್ರಿಂಗ್ ಅಂದ ತಕ್ಷಣ ಎದ್ದು ಕೂತ್ಕೊಂಡ್ರು. ಬೆರಳಿಗೆ ರಬ್ಬರ್ ಟೊಪ್ಪಿ ಹಾಕ್ಕೊಂಡು ಚಿಮಟದಲ್ಲಿ ಹಿಡೀಬೇಕಿತ್ತಂತೆ, ಬರಿ ಬೆರಳು ತಾಗಿದ್ರೆ ಬೆವರಿನ ಉಪ್ಪಿಗೆ ಉಕ್ಕು ತುಕ್ಕು ಹಿಡಿಯತ್ತೆ. ಬ್ಯಾಲೆನ್ಸ್ ಕೂರಿಸಿದ ಕ್ಷಣ ಅಲ್ಲೀವರೆಗೂ ಸತ್ತ ಹಾಗೆ ಬಿದ್ದಿದ್ದ ಮೆಷಿನ್ನು ತಾನಾಗೇ ಅಲ್ಲಾಡೋಕೆ ಶುರು ಮಾಡತ್ತಲ್ಲ, ಅಷ್ಟು ವರ್ಷ ಅದೇ ಕೆಲಸ ಮಾಡಿದ್ರೂ ಆ ಒಂದು ಗಳಿಗೆ ಬೇಜಾರಾಗಿಲ್ಲ ಅಂತಾರೆ. ಡಬಲ್ ಟಿಕ್ ಕೇಳ್ಬಾರ್ದು ಅಂತಲೂ ಹೇಳಿದ್ರು, ಟಿಕ್ ಟಿಕ್ ಟಿಕ್ ಅಂತ ಒಂದೇ ಸಮ ಇರಬೇಕಂತೆ, ಕುಂಟೋರು ನಡೆದ ಹಾಗೆ ಟಿಟಿಕ್... ಟಿಟಿಕ್ ಅಂದ್ರೆ ಬ್ಯಾಲೆನ್ಸ್ ನಡುವಲ್ಲಿ ಕೂತಿಲ್ಲ ಅಂತ ಅರ್ಥ. ನೀವೂ ರಾತ್ರಿ ಎಲ್ಲ ಸುಮ್ನಾದ ಮೇಲೆ ಕಿವಿಗಿಟ್ಟು ಕೇಳಿ ನೋಡಿ.

2016ರಲ್ಲಿ ಸರ್ಕಾರ ವಾಚ್ ವಿಭಾಗನ ಮುಚ್ಚೋ ತೀರ್ಮಾನ ಮಾಡಿದಾಗ ಅಮ್ಮ ಎರಡು ದಿನ ಸರಿಯಾಗಿ ಊಟ ಮಾಡ್ಲಿಲ್ಲ. ನಿಮ್ಮಪ್ಪನ ವಾಚು ಇನ್ನೂ ಓಡ್ತಿದೆ ಅಂತ ಕೇಳಿ ಅವರಿಗೆ ಎಷ್ಟು ಖುಷಿ ಆಯ್ತು ಗೊತ್ತಾ. 17 ಕಲ್ಲು ಎಲ್ಲೆಲ್ಲಿದೆ ಅಂತ ಗೊತ್ತಾ ಆ ಹುಡುಗನಿಗೆ ಅಂತ ಕೇಳ್ತಿದಾರೆ, ಯಾರಾದ್ರೂ ಬರೀರಿ.


ಹಲ್ಲುಚಕ್ರ:

ಅಮ್ಮನಿಗೆ ನನ್ನ ನಮಸ್ಕಾರ ಹೇಳಿ ಮೇಡಂ. ಅವರ ಪ್ರಶ್ನೆಗೆ ಉತ್ತರ ಬರೀತೀನಿ, ತಪ್ಪಿದ್ರೆ ತಿದ್ದಲಿ. ಸಾಮಾನ್ಯವಾಗಿ 17 ಅಂದ್ರೆ ಪ್ಯಾಲೆಟ್ ತುದಿಯ ಎರಡು ಕಲ್ಲು, ಬ್ಯಾಲೆನ್ಸ್‌ಗೆ ತಳ್ಳು ಕೊಡೋ ಜಾಗದಲ್ಲಿ ಒಂದು, ಬ್ಯಾಲೆನ್ಸ್ ಅಚ್ಚಿಗೆ ಮೇಲೆ ಎರಡು ಕೆಳಗೆ ಎರಡು, ಇಲ್ಲಿಗೆ ಏಳು. ಆಮೇಲೆ ಪ್ಯಾಲೆಟ್, ಎಸ್ಕೇಪ್ ವೀಲು, ನಾಲ್ಕನೇ ಚಕ್ರ, ಮೂರನೇ ಚಕ್ರ, ಗಂಟೆಗೊಂದು ಸುತ್ತು ಹೊಡೆಯೋ ಚಕ್ರ, ಐದಕ್ಕೂ ಮೇಲೊಂದು ಕೆಳಗೊಂದು, ಹತ್ತು. ಎಲ್ಲ ಫ್ಯಾಕ್ಟರಿಲಿ ಬೆಳೆಸಿದ ಮಾಣಿಕ್ಯ, ಮಾರೋಕೆ ಹೋದ್ರೆ ಏನೂ ಬರಲ್ಲ. ಆದ್ರೆ ಉಕ್ಕಿನ ಅಚ್ಚು ಹಿತ್ತಾಳೆ ತೂತಲ್ಲಿ ತಿರುಗಿದ್ರೆ ತೂತು ಸವೆದು ಅಂಡಾಕಾರ ಆಗತ್ತೆ, ನುಣ್ಣಗಿರೋ ಕಲ್ಲಿನ ತೂತಲ್ಲಿ ಒಂದು ಹನಿ ಆಯಿಲ್ ಇದ್ರೆ ದಶಕಗಟ್ಟಲೆ ಸವೆಯಲ್ಲ. ಪ್ಯಾರಾಶಾಕ್ ಅನ್ನೋದು ಸಿಟಿಜನ್‌ನವರ ವ್ಯವಸ್ಥೆ, ಬ್ಯಾಲೆನ್ಸಿನ ಕಲ್ಲುಗಳನ್ನ ಸಣ್ಣ ಸ್ಪ್ರಿಂಗ್ ಮೇಲೆ ಕೂರಿಸಿರ್ತಾರೆ, ವಾಚು ಕೆಳಗೆ ಬಿದ್ರೆ ಕಲ್ಲು ಸ್ವಲ್ಪ ಜರುಗಿ ವಾಪಸ್ ಬರತ್ತೆ, ಕೂದಲಿನಷ್ಟಿರೋ ಅಚ್ಚು ಮುರಿಯಲ್ಲ.


ಸೆಕೆಂಡ್_ಹ್ಯಾಂಡ್:

ಮಧ್ಯೆ ಬಂದೆ ಕ್ಷಮಿಸಿ. ನನ್ನದೂ ಕೀ ಕೊಡೋ ವಾಚು, ರಾತ್ರಿ ಟೇಬಲ್ ಮೇಲೆ ಇಟ್ರೆ ಮುಂದೆ ಹೋಗತ್ತೆ, ಕೈಯಲ್ಲಿದ್ರೆ ಹಿಂದೆ ಬೀಳತ್ತೆ. ಮೈ ಬಿಸಿಗಾ? ಮತ್ತೆ ಇಷ್ಟೆಲ್ಲ ಮಾಡಿ ದಿನಕ್ಕೆ ಇಪ್ಪತ್ತು ಸೆಕೆಂಡ್ ತಪ್ಪು ಅಂದ್ರೆ ಒಳ್ಳೇದಾ ಕೆಟ್ಟದ್ದಾ?


ಹಲ್ಲುಚಕ್ರ:

ಬಿಸಿಗಿಂತ ಮಲಗಿಸೋ ರೀತಿ ಕಾರಣ. ವಾಚು ಮಲಗಿದ್ದಾಗ ಬ್ಯಾಲೆನ್ಸ್ ಅಚ್ಚಿನ ತುದಿ ಮೇಲೆ ಬುಗುರಿ ಥರ ನಿಂತಿರತ್ತೆ, ಉಜ್ಜೋದು ತುಂಬಾ ಕಮ್ಮಿ. ನಿಲ್ಲಿಸಿದ್ರೆ ಅಚ್ಚಿನ ಪಕ್ಕ ಕಲ್ಲಿಗೆ ತಾಗತ್ತೆ, ಜಾಸ್ತಿ ಉಜ್ಜತ್ತೆ, ತೂಗೋ ದೂರ ಕಮ್ಮಿ ಆಗತ್ತೆ. ತೂಗೋ ದೂರ ಬದಲಾದ್ರೂ ಹೊತ್ತು ಅಷ್ಟೇ ಇರಬೇಕು ಅನ್ನೋದು ಆದರ್ಶ, ಕಡ್ಡಿಯ ಪಿನ್ ನಡುವೆ ಸ್ಪ್ರಿಂಗಿಗೆ ಇರೋ ಸಂದು, ಬ್ಯಾಲೆನ್ಸಿನ ಒಂದು ಕಡೆ ಚೂರು ತೂಕ ಜಾಸ್ತಿ ಇರೋದು, ಇಂಥವೆಲ್ಲ ಸೇರಿ ಆ ಆದರ್ಶನ ಕೆಡಿಸ್ತವೆ. 1801ರಲ್ಲಿ ಬ್ರೆಗೆ ಅನ್ನೋ ಗಡಿಯಾರದ ಕಸುಬುದಾರ ಪೇಟೆಂಟ್ ಮಾಡಿದ ಟೂರ್ಬಿಲ್ಲಾನ್ ಈ ತೊಂದರೆಗೇ ಉತ್ತರ, ಬ್ಯಾಲೆನ್ಸ್ ಎಸ್ಕೇಪ್ ವೀಲ್ ಎಲ್ಲಾನೂ ಒಂದು ಪಂಜರದಲ್ಲಿಟ್ಟು ಪಂಜರನೇ ತಿರುಗಿಸೋದು, ಆಗ ಒಂದು ಮಗ್ಗುಲಿನ ತಪ್ಪನ್ನ ಇನ್ನೊಂದು ಮಗ್ಗುಲು ಹೊಡೆದುಹಾಕತ್ತೆ.

ಬಿಸಿ ಹಿಂದೆ ದೊಡ್ಡ ತಲೆನೋವಾಗಿತ್ತು, ಸಾಧಾರಣ ಉಕ್ಕಿನ ಸ್ಪ್ರಿಂಗ್ ಬಿಸಿಗೆ ಸಡಿಲ ಆಗಿ ವಾಚು ಹಿಂದೆ ಬೀಳ್ತಿತ್ತು. ಗಿಯೋಮ್ ಅನ್ನೋ ಸ್ವಿಸ್ ವಿಜ್ಞಾನಿ ನಿಕ್ಕಲ್ ಉಕ್ಕಿನ ಮಿಶ್ರಲೋಹಗಳ ಮೇಲೆ ಕೆಲಸ ಮಾಡಿ ಬಿಸಿಗೆ ಬಗ್ಗದ ಸ್ಪ್ರಿಂಗಿಗೆ ದಾರಿ ಮಾಡಿದ್ರು, ಅವರಿಗೆ 1920ರ ಫಿಸಿಕ್ಸ್ ನೊಬೆಲ್ ಬಂತು. ಅವರ ಮನೆಯವರೂ ಗಡಿಯಾರದ ಕಸುಬಿನವರೇ.

ಇಪ್ಪತ್ತು ಸೆಕೆಂಡ್ ಅಂದ್ರೆ ನೂರಕ್ಕೆ 0.023 ತಪ್ಪು. ನಾಲ್ಕು ಲಕ್ಷದ ಮೂವತ್ತೆರಡು ಸಾವಿರ ಬಡಿತದಲ್ಲಿ ನೂರು ಬಡಿತ ಹೆಚ್ಚು ಕಮ್ಮಿ. ಸ್ವಿಟ್ಜರ್ಲೆಂಡಲ್ಲಿ ಕ್ರೋನೋಮೀಟರ್ ಸರ್ಟಿಫಿಕೇಟ್ ಕೊಡೋರು 15 ದಿನ, ಐದು ಮಗ್ಗುಲಲ್ಲಿ, 8, 23, 38 ಡಿಗ್ರಿಲಿ ಇಟ್ಟು ಪರೀಕ್ಷೆ ಮಾಡ್ತಾರೆ, ದಿನಕ್ಕೆ ಸರಾಸರಿ 4 ಸೆಕೆಂಡ್ ಹಿಂದೆಯಿಂದ 6 ಸೆಕೆಂಡ್ ಮುಂದೆವರೆಗೆ ಪಾಸು. ಕ್ವಾರ್ಟ್ಜ್ ವಾಚಿನ ಹರಳು ಸೆಕೆಂಡಿಗೆ 32,768 ಸಲ ಕಂಪಿಸತ್ತೆ, ಐದು ಸಲ ಬಡಿಯೋದನ್ನ ಅದರ ಜೊತೆ ಹೋಲಿಸೋದು ನ್ಯಾಯ ಅಲ್ಲ. ಬರೀ ಲೋಹ, ಕಲ್ಲು, ಒಂದು ಹನಿ ಎಣ್ಣೆ ಇಟ್ಕೊಂಡು ಇಪ್ಪತ್ತು ಸೆಕೆಂಡೊಳಗೆ ನಿಲ್ಲತ್ತೆ ಅಂದ್ರೆ ನನ್ನ ಪ್ರಕಾರ ಅದು ತುಂಬಾ ಒಳ್ಳೇದು.


ಕಲ್ಪತರು_ನಾಡು:

ಅಪ್ಡೇಟ್. ಬೇರೆ ಅಂಗಡಿಗೆ ಹೋದೆ, ವಯಸ್ಸಾದವರು, ನೀಲಿ ಡಬ್ಬಿ ತೆಗೆದು ಹುಬ್ಬಳ್ಳಿ ಸರ್ ಹೇಳಿದ ಹಾಗೇ ಮೆಲ್ಲಗೆ ದೂರ ಒಯ್ದು ಬಟನ್ ಬಿಟ್ರು. ಆಮೇಲೆ ಮುಚ್ಚಳ ತೆಗೆದು ಲೆನ್ಸ್ ಕೊಟ್ಟು ನನಗೂ ತೋರಿಸಿದ್ರು, ಸುರುಳಿ ಒಂದೇ ಸಮ ಅರಳಿ ಮುಚ್ಚಿ ಆಗ್ತಿತ್ತು, ಯಾವ ಸುತ್ತೂ ಇನ್ನೊಂದಕ್ಕೆ ತಾಗ್ತಿರ್ಲಿಲ್ಲ. ಮುಚ್ಚಳದ ಒಳಗಡೆ ಮೊಳೆಯಲ್ಲಿ ಗೀಚಿದ ಹಾಗೆ ಮೂರು ತಾರೀಕು ಇತ್ತು, ಅಪ್ಪ ಸರ್ವೀಸ್ ಮಾಡಿಸಿದಾಗೆಲ್ಲ ರಿಪೇರಿಯವರು ಬರೆದಿದ್ದಂತೆ. ಮೊದಲನೇದು ನಾನು ಹುಟ್ಟಿದ ವರ್ಷದ್ದು.

ಐದು ದಿನ ಆಯ್ತು. ದಿನಾ ಬೆಳಿಗ್ಗೆ 7ಕ್ಕೆ ಪೂರ್ತಿ ಕೀ ಕೊಡ್ತೀನಿ. ಮೊದಲ ಮೂರು ರಾತ್ರಿ ಡಯಲ್ ಮೇಲೆ ಮಾಡಿ ಇಟ್ಟೆ, ದಿನಕ್ಕೆ 18, 21, 19 ಸೆಕೆಂಡ್ ಮುಂದೆ. ಕೊನೇ ಎರಡು ರಾತ್ರಿ ಕೀ ಮೇಲೆ ಬರೋ ಹಾಗೆ ಗೋಡೆಗೆ ಒರಗಿಸಿ ನಿಲ್ಲಿಸ್ದೆ, 11 ಮತ್ತು 9. ಫೋನ್ ಕವರ್ ಈಗ ಹಾಲಲ್ಲಿ, ವಾಚು ದೇವರ ಮನೆ ಪಕ್ಕದ ಗೂಡಲ್ಲಿ. ತುಮಕೂರು ಮೇಡಂ, ರಾತ್ರಿ ಕಿವಿಗಿಟ್ಟು ಕೇಳ್ದೆ, ಒಂದೇ ಸಮ ಇದೆ, ಅಮ್ಮನಿಗೆ ಹೇಳಿ.